ಅಪ್ಪನ ಇನ್ನೊಂದು ಸುತ್ತು

ಇವತ್ತು ಬೆಳಿಗ್ಗೆ ಕುಕ್ಕರಿನ ಹಿಡಿಕೆಗೆ ಉರಿ ತಾಗಿ ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬೇರೆಯವರಾದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಒಂದು ಉಸಿರು ಜಾಸ್ತಿಯೇ ಎಳೆದುಕೊಂಡೆ. ನಗಬೇಡಿ. ನನ್ನ ಕಾರು ಉಳಿದದ್ದು ಇಂಥದ್ದೇ ವಾಸನೆಯ ನಡುವೆ.

ನಲವತ್ತು ದಾಟಿದ ಮೇಲೆ ಸ್ಟೀರಿಂಗ್ ಹಿಡಿದವಳು ನಾನು. ಹೊಸಪೇಟೆಯಿಂದ ಕಂಪ್ಲಿಯ ಶಾಲೆಗೆ ವರ್ಷಗಟ್ಟಲೆ ಬಸ್ಸಿನ ಕಂಬಿಗೆ ಜೋತುಬಿದ್ದು ಹೋಗಿ, ಕೊನೆಗೆ ನನ್ನದೇ ಸಂಬಳದಲ್ಲಿ ಕೊಂಡ ಹಳೆಯ ಕಾರು. ಬುಕ್ಕಸಾಗರದ ಬಾಳೆತೋಟಗಳ ನಡುವೆ ಕಿಟಕಿ ಇಳಿಸಿಕೊಂಡು ಹೋಗುವಾಗ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಟೀಚರೂ ಅಲ್ಲ. ಆ ಅರ್ಧ ಗಂಟೆ ನನ್ನದು.

ಒಂದು ದಿನ ಇಂಜಿನ್ನಿನ ಪ್ಲಾಸ್ಟಿಕ್ ಮುಚ್ಚಳ ಸೀಳಿ ಎಣ್ಣೆ ಒಸರತೊಡಗಿತು. ಆ ಮಾಡೆಲ್ಲಿಗೆ ಹೊಸ ಮುಚ್ಚಳ ಬರುವುದೇ ನಿಂತಿತ್ತು. “ಭಾನುವಾರ ಗುಜರಿಯವ ಬಂದು ಒಯ್ತಾನ,” ಎಂದರು ನಮ್ಮನೆಯವರು, ಹಳೆ ಪೇಪರ್ ಹಾಕುವಷ್ಟು ಹಗುರಾಗಿ. ನನಗೆ ಸಿಟ್ಟು ನೆತ್ತಿಗೇರಿತು.

“ಅಷ್ಟರಾಗ ಅದು ಓಡಲಿಲ್ಲಂದ್ರ ಒಯ್ಯಲಿ!” ಎಂದುಬಿಟ್ಟೆ.

ಹುಡುಕಿ ಹುಡುಕಿ ಒಂದು ಬಳಸಿದ ಮುಚ್ಚಳ ತಂದೆ. ಅದರ ಎರಡು ಬೋಲ್ಟಿನ ತೂತುಗಳು ಸವೆದು ಅಂಚು ಬಿರುಕು ಬಿಟ್ಟಿದ್ದವು. ತೂತಿನೊಳಗೆ ಕೂರಬೇಕಾದ ಸಣ್ಣ ಲೋಹದ ಬಳೆಗಳೇ ಇರಲಿಲ್ಲ. ಅಂಟು ತುಂಬಿ, ಒಣಗಿಸಿ, ತೂತು ಕೊರೆದು ನಾನೇ ಕೂಡಿಸಿದೆ.

ಇಲ್ಲಿ ನಮ್ಮಪ್ಪನ ವಿಷಯ ಹೇಳಲೇಬೇಕು. ಅವರು ಸಂಡೂರಿನಲ್ಲಿ ಅದಿರು ಲಾರಿಗಳ ಮೆಕ್ಯಾನಿಕ್ ಆಗಿದ್ದವರು. ಗಣಿ ದಾರಿಯ ಕುಲುಕಾಟಕ್ಕೆ ಯಾವ ಬೋಲ್ಟೂ ನಿಲ್ಲುತ್ತಿರಲಿಲ್ಲ. ಹಾಗಾಗಿ ಪೂರಾ ಬಿಗಿಯಾದ ಮೇಲೂ ಬೋಲ್ಟ್ ತಿರುಗಿಸುವ ಪಾನಾಕ್ಕೆ ಪೈಪು ಸಿಗಿಸಿ, “ಇನ್ನೊಂದು ಸುತ್ತು!” ಎನ್ನುತ್ತಿದ್ದರು. ನಮ್ಮ ಮನೆಯ ಉಪ್ಪಿನಕಾಯಿ ಡಬ್ಬಿ ತೆಗೆಯಲು ಪಕ್ಕದ ಮನೆಯ ಪೈಲ್ವಾನ ಬರಬೇಕಿತ್ತು. ಅದೇ ರಕ್ತ ನನ್ನದು. ಬೋಲ್ಟ್ ಬಿಗಿಯಾಯಿತು, ಕೈ ಮಾತ್ರ ನಿಲ್ಲಲಿಲ್ಲ. ಟಪ್ಪೆಂದು ಅಂಟು ಒಡೆದು, ಬಿರುಕು ಇನ್ನಷ್ಟು ಉದ್ದವಾಯಿತು.

ಶುಕ್ರವಾರ ಮುಚ್ಚಳ ಬಿಚ್ಚಿಕೊಂಡು ಮೆಕ್ಯಾನಿಕ್ ಮಾಬುಸಾಬರ ಶೆಡ್ಡಿಗೆ ಹೋದೆ.

“ಟೀಚರ್, ಇದು ಕಬ್ಬಿಣ ಅಲ್ರಿ. ಭಾಳ ಜುಲ್ಮಿ ಮಾಡಿದ್ರ ಒಡೀತೈತಿ,” ಎಂದರು.

“ನೀವು ತೋರಿಸ್ರಿ, ನಾನ ಮಾಡ್ತೀನಿ.”

ತೋರಿಸಿದರು. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅಂಟು ತುಂಬಿದರೆ ಬಿರುಕು ಮುಂದೆ ಹೋಗುವುದಿಲ್ಲ. ಆಮೇಲೆ ಬೋಲ್ಟಿನ ತೂತನ್ನು ತುಸು ಅಗಲಿಸಿ, ಕಾಯಿಸಿದ ಹಿತ್ತಾಳೆ ಬಳೆಯನ್ನು ಮೆಲ್ಲಗೆ ಇಳಿಸಬೇಕು. ಪ್ಲಾಸ್ಟಿಕ್ ಕರಗಿ ಬಳೆಯನ್ನು ಹಿಡಿದುಕೊಳ್ಳುತ್ತದೆ, ಬೋಲ್ಟಿನ ಒತ್ತಡ ಬಳೆಗೆ ಹೋಗುತ್ತದೆ. ನನ್ನ ಮೊದಲ ಬಳೆ ಸೊಟ್ಟಗೆ ಕೂತಿತು. ಕಿತ್ತು ಮತ್ತೆ ಕೂರಿಸಿದೆ. ಎರಡು ದಿನ ಕೂದಲಲ್ಲೂ ಅದೇ ವಾಸನೆ.

ಭಾನುವಾರ ಸುದ್ದಿ ಕೇಳಿ ಅಪ್ಪ ಸಂಡೂರಿನಿಂದ ಬಂದು ನನ್ನ ಹಿಂದೆ ನಿಂತರು. ಮುಚ್ಚಳವನ್ನು ಇಂಜಿನ್ನಿನ ಮೇಲಿಟ್ಟು, ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಕೂರಿಸಿದೆ.

“ಇನ್ನೊಂದು ಸುತ್ತು ಹಾಕವಾ. ದಾರ್ಯಾಗ ಬಿಚ್ಚೀತು.”

ಆ ಮಾತನ್ನು ನಾನು ಎಂದೂ ಮೀರಿರಲಿಲ್ಲ.

“ಬ್ಯಾಡಪ್ಪ,” ಎಂದು ಪಾನಾ ಕೆಳಗಿಟ್ಟೆ. ಅಪ್ಪನ ಮುಖ ಸಣ್ಣದಾಯಿತು. ನನಗೆ ಸಂಕಟವಾಯಿತು, ಆದರೂ ಪಾನಾ ಮುಟ್ಟಲಿಲ್ಲ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಂಪ್ಲಿಯವರೆಗೆ ಓಡಿಸಿದೆ. ಇಳಿದವರೇ ಬಾನೆಟ್ ಎತ್ತಿಸಿ, ಮುಚ್ಚಳದ ಅಂಚಿಗೆ ಸುತ್ತಲೂ ಬೆರಳಾಡಿಸಿದರು. ಬೆರಳಿಗೆ ಎಣ್ಣೆ ಹತ್ತಿರಲಿಲ್ಲ. ಬೆರಳನ್ನೇ ನೋಡುತ್ತ ನಿಂತರು. ಸಂಜೆ ಬಂದ ಗುಜರಿಯವ ಹಳೆ ಪೇಪರ್ ಮಾತ್ರ ಒಯ್ದ.

ಅಪ್ಪ ಈಗ ನಮ್ಮ ಮನೆಗೆ ಬಂದಿದ್ದಾರೆ. ಇವತ್ತು ಮಧ್ಯಾಹ್ನ ಕುಕ್ಕರಿಗೆ ಹೊಸ ಹಿಡಿಕೆ ತಂದೆ. “ಕೊಡಿಲ್ಲಿ,” ಎಂದು ಅವರೇ ಸ್ಕ್ರೂಡ್ರೈವರ್ ಇಸಿದುಕೊಂಡರು. ತಿರುಪು ಕೂತಿತು. ಇನ್ನೂ ತಿರುಗಿಸಲು ಹೊರಟ ಕೈ ಅಲ್ಲೇ ನಿಂತಿತು. ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದರು.

“ಸಾಕೇನವಾ?” ಎಂದರು.