ಅಣ್ಣ ಹಾಕಿದ ಮೊಸಾಯಿಕ್ ನೆಲ

ಅಣ್ಣನ ಬಲಗೈಯ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪಗೆ, ಕಪ್ಪಗೆ ಇತ್ತು. ಯಾರ ಮನೆಗೆ ಹೋದರೂ ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲು ಕುಕ್ಕರುಗಾಲಿನಲ್ಲಿ ಕೂತು, ಆ ಗೆಣ್ಣಿನಿಂದ ನೆಲ ಕುಟ್ಟುತ್ತಿದ್ದ. ಟಕ್ ಎಂದು ಕೇಳಿದರೆ ತಲೆಯಾಡಿಸಿ ಪಕ್ಕದ ಟೈಲ್ಸಿಗೆ ಹೋಗುತ್ತಿದ್ದ. ಬೊದ್ ಎಂದರೆ ಕಿವಿ ಓರೆ ಮಾಡಿ ಇನ್ನೊಮ್ಮೆ ಕುಟ್ಟಿ, "ಇಲ್ಲಿ ಪೊಳ್ಳಿದೆ" ಅನ್ನುತ್ತಿದ್ದ. ಮನೆಯವರಿಗೆ ನಮಸ್ಕಾರ ಅದಾದ ಮೇಲೆ.

ನನ್ನ ಮದುವೆಯ ಮಾತುಕತೆಗೆಂದು ವಿಜಯನಗರದ ಹುಡುಗನ ಮನೆಗೆ ಹೋದ ದಿನವೂ ಹಾಗೇ ಮಾಡಿದನಂತೆ. ಅತ್ತಿಗೆ ಮನೆಗೆ ಬಂದು ತಲೆ ಚಚ್ಚಿಕೊಂಡು ಹೇಳಿದರು. ಅವರದು ಹೊಸ ಮನೆ. ಅಣ್ಣ ಹಜಾರದ ನಡುವೆ ಕೂತು ಕುಟ್ಟಿ, "ಈ ಸಾಲಿನಲ್ಲಿ ಎರಡು ಪೊಳ್ಳಿದೆ ಸ್ವಾಮಿ. ನೆನೆಸದೇ ಹಾಕಿದಾರೆ" ಅಂದನಂತೆ.

ಹುಡುಗನ ತಾಯಿ ಕಾಫಿ ಲೋಟ ಇಡುತ್ತಿದ್ದವರು ನೆಟ್ಟಗೆ ನಿಂತು, "ನೀವು ಹುಡುಗನ್ನ ನೋಡೋಕೆ ಬಂದ್ರೋ, ನಮ್ಮನೆ ನೆಲ ನೋಡೋಕೆ ಬಂದ್ರೋ?" ಎಂದು ಕೇಳಿದರು.

"ಹುಡುಗ ಗಟ್ಟಿಯಾಗೇ ಇದಾನೆ ಬಿಡಿ ಅಮ್ಮಾ. ಅವನನ್ನ ಕುಟ್ಟಿ ನೋಡೋದು ಬೇಡ."

ಎಲ್ಲರೂ ನಕ್ಕರು, ಆ ತಾಯಿಯೊಬ್ಬರನ್ನು ಬಿಟ್ಟು. ಮದುವೆಯೇನೋ ಆಯಿತು. ಆದರೆ ನನ್ನ ಅತ್ತೆ ಆ ಮಾತನ್ನು ಮರೆಯಲಿಲ್ಲ. ಆ ಮನೆಯಲ್ಲಿ ನನಗೆ ಬಹಳ ದಿನ ಇದ್ದ ಹೆಸರು ‘ನೆಲ ಕುಟ್ಟೋರ ಮನೆ ಹುಡುಗಿ’.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಸಾಕಿದವನು ಅಣ್ಣ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲೇ ಹತ್ತಿರದ ವಠಾರದಲ್ಲಿ ನಮ್ಮ ವಾಸ. ಅಲ್ಲಿನ ಬಚ್ಚಲಿಗೆ ವಾಟ ಸರಿಯಿರಲಿಲ್ಲ. ಸ್ನಾನದ ನೀರು ತೂಬಿಗೆ ಹೋಗದೆ ಬಾಗಿಲಿಗೆ ಬರುತ್ತಿತ್ತು. ವಠಾರದ ಯಜಮಾನರಿಗೆ ಹೇಳಿ ಹೇಳಿ ಸಾಕಾಗಿ ಒಂದು ಭಾನುವಾರ ಅಣ್ಣ ತಾನೇ ಬಚ್ಚಲು ಅಗೆದು ಹೊಸ ಗಾರೆ ಹಾಕಿದ. ಒಣಗಿದ ಮೇಲೆ ಒಂದು ಗೋಲಿ ಬಿಟ್ಟು ನೋಡಿದ. ಎಲ್ಲಿಟ್ಟರೂ ಅದು ಉರುಳಿಕೊಂಡು ತೂಬಿನ ಬಾಯಿಗೇ ಹೋಯಿತು. ಅವತ್ತು ವಠಾರದ ಮಕ್ಕಳೆಲ್ಲ ನಮ್ಮ ಬಚ್ಚಲಿನಲ್ಲಿ ಗೋಲಿ ಆಡಿದರು. ಅಲ್ಲಿಂದ ಹಿಡಿದ ಹುಚ್ಚು ಅದು.

ಭಾನುವಾರ ಬೆಳಿಗ್ಗೆ ಯಾರಾದರೂ ಒಬ್ಬರು ಕೇಳಿಕೊಂಡು ಬಂದೇ ಬರುತ್ತಿದ್ದರು.

"ಸಾರ್, ಸಿಂಕ್ ಹಿಂದೆ ಬಿಳೀ ಟೈಲ್ಸ್ ನಾನೇ ಅಂಟಿಸ್ದೆ. ಎಲ್ಲಾ ಕಳಚ್ಕೊಂಡು ಬರ್ತಾ ಇದೆ."

"ನೆನೆಹಾಕಿದ್ರಾ?"

"ನೆನೆಹಾಕೋಕೆ ಅದೇನು ಕಡಲೆಕಾಳಾ ಸಾರ್?"

"ಕಡಲೆಕಾಳೇ ಅಂದ್ಕೊಳ್ಳಿ. ಬಕೆಟ್ಟಲ್ಲಿ ಮುಳುಗಿಸಿಡಿ. ಗುಳ್ಳೆ ಬರೋದು ನಿಂತ್ಮೇಲೆ ತೆಗೀರಿ. ಬಾಯಾರಿದ ಟೈಲ್ಸು ಸಿಮೆಂಟಲ್ಲಿರೋ ನೀರೆಲ್ಲ ಕುಡಿದುಬಿಡುತ್ತೆ. ನೀರಿಲ್ಲದ ಸಿಮೆಂಟು ಏನನ್ನ ಹಿಡ್ಕೊಳ್ಳುತ್ತೆ ಹೇಳಿ?"

ಬಂದವರು ಎದ್ದು ಬಾಗಿಲಿಗೆ ಹೋದ ಮೇಲೂ ಬಿಡುತ್ತಿರಲಿಲ್ಲ. "ನೆಲಕ್ಕೆ ಹಾಕೋವಾಗ ಬಾಗಿಲಿಂದ ಶುರು ಮಾಡ್ಬೇಡಿ. ಆಮೇಲೆ ಮೂಲೇಲಿ ನೀವೇ ಸಿಕ್ಕಿಹಾಕ್ಕೋತೀರ, ಊಟಾನೂ ಅಲ್ಲಿಗೇ ಎಸೀಬೇಕಾಗುತ್ತೆ!"

ಮುಂದೆ ಬಸವೇಶ್ವರನಗರದಲ್ಲಿ ಅವನಿಗೆ ಸೈಟು ಸಿಕ್ಕಿತು. ಆಗ ಅಲ್ಲಿ ಮನೆಗಳಿಗಿಂತ ಮುಳ್ಳುಗಿಡಗಳೇ ಹೆಚ್ಚು. ಸಿಮೆಂಟಿಗೆ ಪರ್ಮಿಟ್ ಹಿಡಿದು ಕಾಯುವ ಕಾಲ. ಗೋಡೆ, ಸೂರು ಮೇಸ್ತ್ರಿ ಕಟ್ಟಿದ. ನೆಲದ ಕೆಲಸ ಬಂದಾಗ ಅಣ್ಣ, "ಅದು ನನ್ನದು" ಅಂದ. ಸುತ್ತಮುತ್ತ ಎಲ್ಲರೂ ರೆಡ್ ಆಕ್ಸೈಡ್ ನೆಲ ಮಾಡಿಸುತ್ತಿದ್ದರೆ ಇವನು ಹಜಾರಕ್ಕೆ ಮೊಸಾಯಿಕ್ ಟೈಲ್ಸ್ ತರಿಸಿದ. ಮಾಗಡಿ ರಸ್ತೆಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ಬಂದವು. ಒಂದೊಂದನ್ನೂ ತಿರುಗಿಸಿ ನೋಡಿ, ಮೂಲೆ ಮುಕ್ಕಾದವನ್ನು ಬೀರು ನಿಲ್ಲುವ ಜಾಗಕ್ಕೆಂದು ಬೇರೆ ಇಟ್ಟ. ಕಾರ್ಖಾನೆಯ ಪಾಳಿ ಮುಗಿಸಿ ಬಂದು, ದಾರ ಕಟ್ಟಿ, ರಸಮಟ್ಟ ಇಟ್ಟು, ಮಂಡಿಯೂರಿ, ಮರದ ಸುತ್ತಿಗೆಯಲ್ಲಿ ಹಗುರವಾಗಿ ತಟ್ಟಿ ತಟ್ಟಿ ಕೂರಿಸುತ್ತಿದ್ದ. ತವರಿಗೆ ಬಂದಾಗ ನಾನು ಸಂದುಗಳಿಗೆ ಸಿಮೆಂಟಿನ ಹಾಲು ಸುರಿಯುತ್ತಿದ್ದೆ. ಕೊನೆಗೆ ಪಾಲಿಶ್ ಹಿಡಿದು, ಮೇಣ ಹಚ್ಚಿ, ಹಳೆ ಪಂಚೆಯಲ್ಲಿ ನಾವೆಲ್ಲ ಸೇರಿ ಉಜ್ಜಿದೆವು. ಕಿಟಕಿಯ ಸರಳುಗಳು ನೆಲದೊಳಗೆ ಕಾಣಿಸಿದವು. ಅಮ್ಮ ಕಾಲಿಡಲು ಹೆದರಿ ಬಾಗಿಲಲ್ಲೇ ನಿಂತಳು.

ಗಂಡನ ಮನೆಯಲ್ಲಿ ಈ ವಿಷಯ ತಿಳಿದಾಗಿನಿಂದ ಅತ್ತೆಗೆ ಒಂದೇ ಮಾತು. "ನಿಮ್ಮಣ್ಣನಿಗೆ ಕಾರ್ಖಾನೇಲಿ ಗಾರೆ ಕೆಲಸಾನೂ ಹೇಳ್ಕೊಡ್ತಾರೇನೇ?" ಬಂದವರ ಎದುರಿಗೆಲ್ಲ ಕೇಳುವರು. ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಆದರೆ ಮೇಣ ಹಚ್ಚಿದ ಆ ನೆಲ ನೋಡಿದ ಮೇಲೆ ನನ್ನ ನಾಚಿಕೆ ಹೋಗಿ ಹಟ ಬಂತು. ಬರಲಿ, ಬಂದು ಇದನ್ನು ನೋಡಲಿ ಅನ್ನಿಸಿತು.

ಗೃಹಪ್ರವೇಶಕ್ಕೆ ಆಷಾಢ ಹುಟ್ಟುವ ಮೊದಲೇ ಒಂದು ಬೆಳಗಿನ ಲಗ್ನ ಸಿಕ್ಕಿತು. ನಮ್ಮಲ್ಲಿ ಹೊಸ ಮನೆಯ ಹೊಸಿಲನ್ನು ಮೊದಲು ದಾಟುವುದು ಹಸು ಮತ್ತು ಕರು. ಮುಂಬಾಗಿಲಿನಿಂದ ಬಂದು, ಹಜಾರ ಹಾದು, ದೇವರ ಮೂಲೆಯಲ್ಲಿ ಪೂಜೆ ಮಾಡಿಸಿಕೊಂಡು ಹೋಗಬೇಕು. ಹಾಲಿನವನು ತನ್ನ ಹಸುವನ್ನೇ ತರುತ್ತೇನೆಂದ. ಹಿಂದಿನ ದಿನ ಅಣ್ಣ ಗೋಣಿಚೀಲಗಳನ್ನು ಬಿಚ್ಚಿ, ನೀರಿನಲ್ಲಿ ಅದ್ದಿ ಹಿಂಡಿ, ಬಾಗಿಲಿನಿಂದ ದೇವರ ಮೂಲೆಯವರೆಗೂ ಹಾಸಿದ.

ಅಮ್ಮನಿಗೆ ಅದು ಹಿಡಿಸಲಿಲ್ಲ. "ಮನೆ ತುಂಬಿಸೋ ದಿನ ಗೋಣಿ ಹಾಸ್ತಾರೇನೋ? ಹಸು ಸಗಣಿ ಹಾಕುತ್ತೆ ಅಂತ ಹೆದರ್ತೀಯಾ? ಹಾಕ್ಲಿ ಬಿಡೋ, ಲಕ್ಷ್ಮಿ ಅದು."

"ಲಕ್ಷ್ಮಿ ಏನು ಬೇಕಾದ್ರೂ ಹಾಕ್ಲಿ ಅಮ್ಮಾ, ನಾನು ಬಾಚ್ತೀನಿ. ಆದ್ರೆ ನೆಲಕ್ಕೆ ಮೇಣ ಹಾಕಿದೀವಿ. ಗೊರಸಿಗೆ ಹಿಡಿತ ಸಿಗಲ್ಲ. ಬಿತ್ತು ಅಂದ್ರೆ?" ಎಂದವನು ನನ್ನ ಕಡೆ ತಿರುಗಿದ. "ನೀನು ನೋಡ್ಕೋ ಕಣೇ. ಹಸು ಆಚೆ ಹೋಗೋವರೆಗೂ ಗೋಣಿ ಯಾರೂ ಮುಟ್ಟಬಾರ್ದು."

ನೋಡಿಕೊಳ್ಳುತ್ತೇನೆ ಅಂದೆ.

ಬೆಳಿಗ್ಗೆ ಬೀಗರೆಲ್ಲ ಬಂದರು. ಅತ್ತೆ ಗೇಟಿನಲ್ಲೇ, "ಎಲ್ಲಿ, ನಿಮ್ಮಣ್ಣನ ಗಾರೆ ಕೆಲಸ ತೋರ್ಸು" ಅಂದರು. ಹಸು ಹೋಗುವ ಮುಂಚೆ ಮುಂಬಾಗಿಲಿನಿಂದ ಯಾರೂ ಒಳಗೆ ಹೋಗುವ ಹಾಗಿಲ್ಲ. ಹೊಸಿಲಾಚೆ ನಿಂತು ಬಗ್ಗಿ ನೋಡಿದರೆ ಅವರಿಗೆ ಕಾಣುವುದು ಒದ್ದೆ ಗೋಣಿ ಮಾತ್ರ. ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಓಡಿದೆ. ಹಜಾರದಲ್ಲಿ ಯಾರೂ ಇರಲಿಲ್ಲ. ಗೋಣಿಗಳನ್ನೆಲ್ಲ ಎಳೆದು ಸುತ್ತಿ ಬಚ್ಚಲ ಹಂಡೆಯ ಹಿಂದೆ ತುರುಕಿದೆ. ಸೆರಗಿನಲ್ಲಿ ನೆಲ ಒರೆಸಿದೆ. ಒಂದು ಗಳಿಗೆ ನೋಡಲಿ, ಆಮೇಲೆ ಮತ್ತೆ ಹಾಸಿದರಾಯಿತು ಎಂದುಕೊಂಡು ಬಂದ ದಾರಿಯಲ್ಲೇ ಹೊರಗೆ ಹೋದೆ.

ಅತ್ತೆ ಬಗ್ಗಿ ನೋಡಿದರು. "ಪರ್ವಾಗಿಲ್ವೇ" ಅಂದರು. ಅವರ ಬಾಯಿಂದ ನಮ್ಮ ಮನೆಯ ಬಗ್ಗೆ ನಾನು ಕೇಳಿದ ಮೊದಲ ಒಳ್ಳೆಯ ಮಾತು. ಇನ್ನೊಂದು ಮಾತು ಬರುತ್ತದೇನೋ ಎಂದು ಅವರ ಪಕ್ಕದಲ್ಲೇ ನಿಂತೆ. ಅಷ್ಟರಲ್ಲಿ ಓಲಗ ಶುರುವಾಯಿತು.

ಅಂಗಳದಲ್ಲಿ ಜನ ತುಂಬಿದ್ದರು. ಅವರ ಆಚೆ ಅಣ್ಣ ಕರುವನ್ನು ಹಿಡಿದುಕೊಂಡಿದ್ದ. ಓಲಗದ ಸದ್ದಿನಲ್ಲಿ ಮಾತು ಕೇಳಿಸದು. ಅವನು ಕೈ ಅಡ್ಡ ಆಡಿಸಿ, ಹಾಸಿದ್ದು ಹಾಗೇ ಇದೆಯಾ ಎಂದು ನನ್ನನ್ನು ಸನ್ನೆಯಲ್ಲಿ ಕೇಳಿದ.

ನಾನು ಇದೆ ಎಂದು ತಲೆಯಾಡಿಸಿದೆ.

ಹಾಸಿಬಿಡುತ್ತೇನೆ, ಹೊತ್ತಿದೆ ಎಂದು ಆ ಕ್ಷಣಕ್ಕೆ ಅನ್ನಿಸಿತ್ತು. ಹೊತ್ತಿರಲಿಲ್ಲ. ಅಮ್ಮ ಹಸುವಿನ ಕಾಲಿಗೆ ಚೊಂಬುಗಟ್ಟಲೆ ನೀರು ಹಾಕಿ ತೊಳೆದು ಅರಿಶಿನ ಕುಂಕುಮ ಇಟ್ಟಳು. ಹಾಲಿನವನು ಹಗ್ಗ ಎಳೆದ. ಒದ್ದೆ ಗೊರಸುಗಳು ಹೊಸಿಲು ದಾಟಿದವು.

ಹಜಾರದ ನಡುವಿನವರೆಗೂ ಬಂತು. ಆಮೇಲೆ ಹಿಂಗಾಲುಗಳೆರಡೂ ಎರಡು ಕಡೆಗೆ ಸರಿದವು. ಹಸು ಕುಸಿದು ಕೂಗಿತು. ಏಳಲು ನೋಡಿದಷ್ಟೂ ಕಾಲು ಜಾರುತ್ತಿತ್ತು. ಹಾಲಿನವನು ಗಾಬರಿಯಲ್ಲಿ ಹಗ್ಗ ಜಗ್ಗಿದ. ಗೊರಸು ಟೈಲ್ಸಿನ ಮೇಲೆ ಕೆರೆಯುವ ಸದ್ದಿಗೆ ಓಲಗ ನಿಂತುಹೋಯಿತು. ಕರುವನ್ನು ಬಿಟ್ಟು ಒಳಗೆ ಓಡಿಬಂದ ಅಣ್ಣ ಬರಿಯ ನೆಲ ನೋಡಿದ. ಒಮ್ಮೆ ನನ್ನನ್ನು ನೋಡಿದ.

"ಎಳೀಬೇಡ ಕಣೋ, ಹಗ್ಗ ಬಿಡೋ! ಗೋಣಿ ತನ್ನಿ! ಯಾರಾದ್ರೂ ಗೋಣಿ ತನ್ನಿ!"

ಅತ್ತಿಗೆ ಅಂಗಳದಲ್ಲೆಲ್ಲ ಹುಡುಕಿದರು. ಗೋಣಿ ಎಲ್ಲಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಚ್ಚಲಿಗೆ ಓಡಿದ್ದರೆ ಉಸಿರು ಬಿಡುವಷ್ಟರಲ್ಲಿ ತರಬಹುದಿತ್ತು. ಆದರೆ ತಂದರೆ ತೆಗೆದವಳು ಯಾರೆಂದು ಅತ್ತೆಗೆ ತಿಳಿದುಹೋಗುತ್ತದೆ. ಗೃಹಪ್ರವೇಶದಲ್ಲಿ ಹಸು ಬೀಳಿಸಿದ ಸೊಸೆ ಎಂದರೆ ನನ್ನನ್ನು ಮತ್ತೆ ಆ ಮನೆಗೆ ಸೇರಿಸುತ್ತಾರೆಯೇ? ಅದಿಷ್ಟನ್ನೂ ನಾನು ನಿಂತಲ್ಲೇ ಯೋಚಿಸಿದೆ. ಕಾಲು ಕದಲಲಿಲ್ಲ.

ಅಣ್ಣ ಕಾಯಲಿಲ್ಲ. ಮೈಮೇಲಿದ್ದ ಹೊಸ ಶಲ್ಯ ಎಳೆದು, ಹಸುವಿನ ಪಕ್ಕದಲ್ಲಿ ಮಂಡಿಯೂರಿ, ಅದರ ಹಿಂಗಾಲಿನ ಕೆಳಗೆ ತುರುಕಿದ. ಗೊರಸಿಗೆ ಹಿಡಿತ ಸಿಕ್ಕಿತು. ಹಸು ಒಂದೇ ಸಲ ಎದ್ದಿತು, ಇನ್ನೊಂದು ಕಾಲು ಮತ್ತೆ ಜಾರಿತು, ಅದರ ಇಡೀ ಭಾರ ಅಣ್ಣನ ಬಲ ಮಂಡಿಯ ಮೇಲೆ ಬಿತ್ತು. ಆ ಸದ್ದನ್ನು ನಾನು ಬರೆಯಲಾರೆ. ಮರುಗಳಿಗೆಯೇ ಹಸು ಎದ್ದು, ಏನೂ ಆಗದಂತೆ ಬಾಗಿಲಿನಿಂದ ಹೊರಗೆ ಹೋಗಿ ಕರುವನ್ನು ನೆಕ್ಕತೊಡಗಿತು.

ಎಲ್ಲರೂ ಒಳಗೆ ನುಗ್ಗಿದರು. ಅತ್ತೆಯ ದನಿ ಎಲ್ಲರಿಗಿಂತ ಮೇಲಿತ್ತು. "ಇಷ್ಟು ನುಣುಪಿನ ನೆಲಕ್ಕೆ ಏನಾದ್ರೂ ಹಾಸೋದಲ್ವಾ? ಈ ಮನೇಲಿ ಯಾರಿಗೂ ಬುದ್ಧಿ ಇಲ್ವಾ?"

ಅತ್ತಿಗೆ, "ಹಾಸಿತ್ತಲ್ಲ, ರಾತ್ರಿ ನಾನೇ ನೋಡ್ದೆ..." ಎಂದು ಶುರು ಮಾಡಿದರು. ಅಣ್ಣ ಹಲ್ಲು ಕಚ್ಚಿಕೊಂಡು ಕೈ ಎತ್ತಿ ಅವರನ್ನು ತಡೆದ.

"ಹಾಸಿದ್ದೆ. ಬೆಳಿಗ್ಗೆ ನಾನೇ ತೆಗೆದೆ. ನೆಲ ಎಲ್ರಿಗೂ ಕಾಣ್ಲಿ ಅಂತ."

ನನ್ನ ಕಡೆ ನೋಡದೆ ಹೇಳಿದ.

ಕಾಲಿಗೆ ಹಾಕಿದ ಪಟ್ಟಿ ಬಿಚ್ಚಿದ ಮೇಲೆ ಮಂಡಿ ಮಡಿಸಲು ಬರಲಿಲ್ಲ. ಕಾರ್ಖಾನೆಯವರು ಅವನನ್ನು ಸ್ಟೋರಿನ ಬಾಗಿಲಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. ಕುಕ್ಕರುಗಾಲಿನಲ್ಲಿ ಕೂರುವುದು, ನೆಲ ಕುಟ್ಟುವುದು ಎಲ್ಲ ಮುಗಿಯಿತು. ಭಾನುವಾರ ಕೇಳಿಕೊಂಡು ಬರುವವರೂ ನಿಂತರು. "ಅವರನ್ನ ಕೇಳಿ ನೆಲ ಹಾಕೋದಾ? ಅವರ ಮನೇಲಿ ಹಸುವೇ ಬಿದ್ದೋಯ್ತು ಗುರು!" ಎಂದು ಬೀದಿಯ ಹುಡುಗರು ನಗುತ್ತಿದ್ದರು. ಉಳಿದಿದ್ದ ಅಡುಗೆಮನೆಯ ಗೋಡೆಗೆ ಟೈಲ್ಸ್ ಹಾಕಲು ಗಾರೆಯವನು ಬಂದ ದಿನ ನಾನು ಅಲ್ಲಿದ್ದೆ. ಕುರ್ಚಿಯಲ್ಲಿ ಕೂತ ಅಣ್ಣ, "ಸ್ವಲ್ಪ ನೆನೆಹಾಕಪ್ಪಾ" ಅಂದ.

"ಸುಮ್ನಿರಿ ಸಾರ್. ನಿಮ್ಮ ನೆಲದ ಕಥೆ ಏರಿಯಾಗೆಲ್ಲ ಗೊತ್ತು."

ಅಣ್ಣ ಸುಮ್ಮನಾದ. ನಾನೂ ಸುಮ್ಮನೇ ಇದ್ದೆ. ನಿಜ ಹೇಳಲು ಇದಕ್ಕಿಂತ ಬೇರೆ ಹೊತ್ತು ಬೇಕಿತ್ತೇ ನನಗೆ? ಗಾರೆಯವನು ಅಂಟಿಸಿದ ಟೈಲ್ಸೆಲ್ಲ ಎರಡೇ ಮಳೆಗಾಲ ಕಳೆಯುವಷ್ಟರಲ್ಲಿ ಉದುರಿದವು. ಅಣ್ಣನ ಹಜಾರದಲ್ಲಿ ಒಂದೂ ಅಲುಗಲಿಲ್ಲ, ಹಸು ಬಿದ್ದ ಜಾಗದಲ್ಲಿಯೂ.

ಆಮೇಲೆ ನಾನು ಹೋದಾಗಲೆಲ್ಲ ಅವನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದ. ಮಕ್ಕಳ ಜ್ವರ, ಸೊಸೈಟಿಯ ಸಕ್ಕರೆ, ಎಲ್ಲ ಹೇಳುತ್ತಿದ್ದೆ. ಕೇಳಿಸಿಕೊಂಡು, "ಮತ್ತೆ?" ಅನ್ನುತ್ತಿದ್ದ. ಮತ್ತೇನಿಲ್ಲ ಅನ್ನುತ್ತಿದ್ದೆ. ಹೊರಡುವಾಗ ಕಾಲೆಳೆದುಕೊಂಡು ಬಸ್ ನಿಲ್ದಾಣದವರೆಗೂ ಬರುತ್ತಿದ್ದ. ಬೇಡ ಅಂದರೂ ಕೇಳುತ್ತಿರಲಿಲ್ಲ.

ಅವನು ತೀರಿಕೊಂಡಿದ್ದು ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವನು ಏಳಲಿಲ್ಲ. ಕರ್ಮಾಂತರಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ನಾನೂ ಅತ್ತಿಗೆಯೂ ಇಬ್ಬರೇ ಹಜಾರದಲ್ಲಿ ಕೂತಿದ್ದೆವು. ಇನ್ನು ತಡೆಯಲಾಗಲಿಲ್ಲ.

"ಅತ್ತಿಗೆ, ಅವತ್ತು ಗೋಣಿ ತೆಗೆದಿದ್ದು ನಾನು."

ಅವರು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ.

"ಗೊತ್ತು ಕಣೇ. ಅವತ್ತೇ ಸಂಜೆ ಹಂಡೆ ಹಿಂದೆ ಸಿಕ್ತು. ನಿಮ್ಮಣ್ಣನಿಗೂ ಗೊತ್ತಿತ್ತು. ನೀನು ಬಂದು ಹೋದ ದಿನವೆಲ್ಲ ನನ್ನ ಕೇಳೋರು, ‘ನಿನ್ಹತ್ರ ಏನಾದ್ರೂ ಹೇಳಿದ್ಲಾ?’ ಅಂತ. ಇಲ್ಲ ಅಂತಿದ್ದೆ. ‘ಪಾಪ, ಇನ್ನೂ ಅವರತ್ತೆಗೆ ಹೆದರ್ತಾಳೆ, ನೀನೂ ಕೇಳೋಕೆ ಹೋಗ್ಬೇಡ’ ಅನ್ನೋರು."

ನನ್ನ ಅತ್ತೆ ಅಣ್ಣನಿಗಿಂತ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಅವರು ಹೋದ ಮೇಲೂ ನಾನು ಆ ಮನೆಗೆ ಬಂದು, ಅವನ ಎದುರಿಗೆ ಕೂತು, ಕಾಫಿ ಕುಡಿದು, ಮತ್ತೇನಿಲ್ಲ ಎಂದು ಹೇಳಿ ಹೋಗುತ್ತಲೇ ಇದ್ದೆ.