ಕರಿಬೇವಿನ ಬುಡದ ಹಸಿರು

ಬೆಳಿಗ್ಗೆ ಕಾಫಿ ಮುಗಿಸಿ, ಮಜ್ಜಿಗೆ ಪಾತ್ರೆ ತೊಳೆದ ನೀರನ್ನು ಹಿತ್ತಲಿನ ಕರಿಬೇವಿನ ಗಿಡಕ್ಕೆ ಸುರಿಯುವುದು ನನ್ನ ಅಭ್ಯಾಸ. ಫೆಬ್ರವರಿ ಕೊನೆಯ ಆ ಬೆಳಿಗ್ಗೆಯೂ ಸುರಿದೆ. ಗಿಡದಲ್ಲಿ ಒಂದೂ ಹಸಿರೆಲೆ ಇರಲಿಲ್ಲ. ಪರದೇಶದ ಈ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಮನೆ ಇರುವುದು ತಗ್ಗಿನಲ್ಲಿ, ತಣ್ಣನೆ ಗಾಳಿಯೆಲ್ಲ ಇಳಿದು ನಿಲ್ಲುವ ಕಡೆ. ಜನವರಿಯ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ, ಎಲೆಗಳೆಲ್ಲ ಒಗ್ಗರಣೆಯಲ್ಲಿ ಸೀದಂತೆ ಕಪ್ಪಾಗಿದ್ದವು.

"ಸತ್ತಿರೋ ಗಿಡಕ್ಕೆ ಮಜ್ಜಿಗೆ ಕುಡಿಸ್ತಿದ್ದೀಯಲ್ಲೇ!" ಕಿಟಕಿಯಿಂದ ನನ್ನ ಗಂಡ ನಕ್ಕರು. "ಮಧ್ಯಾಹ್ನ ಗಾರ್ಡನರ್ ಬರ್ತಾನೆ, ಕಿತ್ತುಹಾಕಿಸೋಣ. ಅಲ್ಲೊಂದು ಅವಕಾಡೊ ನೆಟ್ರಾಯ್ತು."

"ಸಾರಿಗೆ ಅವಕಾಡೊ ಎಲೆ ಒಗ್ಗರಣೆ ಹಾಕ್ಲಾ?" ಎಂದೆ.

ಲಾಕ್‌ಡೌನಿನಲ್ಲಿ, ಅಂಗಡಿಗೆ ಹೋಗಲೂ ಹೆದರುತ್ತಿದ್ದಾಗ ನೆಟ್ಟ ಸಸಿ ಅದು. ಆಗ ನನ್ನ ಬೆರಳಿನಷ್ಟೇ ಉದ್ದವಿತ್ತು. ಈಗ ಮಧ್ಯಾಹ್ನದೊಳಗೆ ಅದಕ್ಕೆ ಜೀವವಿದೆಯೆಂದು ತೋರಿಸದಿದ್ದರೆ ಹೋಯಿತು.

ಆ ಚಳಿಯಲ್ಲಿ ಮಲ್ಲಿಗೆಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದೆ, ಅದು ಉಳಿಯಿತು. ಕರಿಬೇವಿನ ಎತ್ತರಕ್ಕೆ ಅಮ್ಮನ ನೂಲಿನ ಸೀರೆಯೇ ಆಗಬೇಕಿತ್ತು. ಅಮ್ಮ ಉಟ್ಟ ಸೀರೆ ಮಣ್ಣಿನಲ್ಲಿ ಹೊರಳುವುದನ್ನು ನೋಡಲಾರದೆ ಪ್ಲಾಸ್ಟಿಕ್ ಸುತ್ತಿದೆ. ಪ್ಲಾಸ್ಟಿಕ್ ಮುಟ್ಟಿದಲ್ಲೆಲ್ಲ ಚಳಿ ನೇರ ತಾಗಿ ಎಲೆ ಸುಟ್ಟಂತಾಗಿತ್ತು.

ಉಗುರಿನಿಂದ ತುದಿಯ ಸಿಪ್ಪೆ ಕೆರೆದೆ. ಕಂದು, ಒಣಕಲು. ಇನ್ನೊಂದು ಗೇಣು ಕೆಳಗೂ ಅದೇ. ಕೂತು, ಬಗ್ಗಿ, ಕೊನೆಗೆ ಕೆನ್ನೆ ನೆಲಕ್ಕೆ ತಾಗುವಷ್ಟು ವಾಲಿ ಕೆರೆದಾಗ ಬುಡದ ಹತ್ತಿರ ಸಣ್ಣದೊಂದು ಹಸಿರು ಗೆರೆ, ತೇವ ತೇವ. ಉಗುರನ್ನು ಮೂಸಿದೆ. ಅದೇ ಘಮ.

"ಬನ್ನಿ ಇಲ್ಲಿ!" ಎಂದು ಕೂಗಿದೆ. ಅವರು ಮೀಟಿಂಗಿನ ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡು ಬಂದು, ನನ್ನ ಬೆರಳನ್ನೂ ಮೂಸಿ, "ಸರಿ ಬಿಡು, ಅವಕಾಡೊ ಕ್ಯಾನ್ಸಲ್" ಎಂದರು.

ಗಾರ್ಡನರ್ ಬಂದಾಗ ಬುಡದ ಮೇಲೆ ಒಂದು ಗೇಣು ಮಾತ್ರ ಉಳಿಸಿ ಮಿಕ್ಕದ್ದನ್ನು ಅವನ ಕೈಲಿ ಕತ್ತರಿಸಿ ಹಾಕಿಸಿದೆ. ನೆರಳಿದ್ದ ಜಾಗಕ್ಕೆಲ್ಲ ಬಿಸಿಲು ಬಂತು. ಅಲ್ಲಿ ಈಗ ಮೆಂತ್ಯ, ಬೇಸಿಗೆ ಬಂದ ಮೇಲೆ ಹರಿವೆ ಹಾಕಬೇಕೆಂದುಕೊಂಡೆ. ಮುಂದಿನ ಚಳಿಗೆ ಸುತ್ತ ನಾಲ್ಕು ಕೋಲು ನೆಟ್ಟು ಬಟ್ಟೆ ಕಟ್ಟುವುದು, ಸೀರೆಯಾದರೆ ಸೀರೆ.

ಸಂಜೆ ಒಂದೆಸಳು ಕರಿಬೇವಿಗೆಂದು ಪಕ್ಕದ ಮನೆಯ ಹುಬ್ಬಳ್ಳಿ ಆಂಟಿ ಬಂದರು. ಮೋಟು ಗಿಡ ನೋಡಿ ಬಾಯಿ ಮೇಲೆ ಕೈಯಿಟ್ಟರು.

"ಬುಡದಲ್ಲಿ ಹಸಿರಿದೆ ಆಂಟಿ, ಚಿಗುರುತ್ತೆ" ಎಂದೆ.

"ಹಂಗಾರ ಚೊಲೋ ಆತು ಬಿಡ್ರಿ. ಈ ಸಲ ಗಿಡ್ಡ ಬೆಳಸ್ರಿ. ಎಳೀ ಎಲಿ ಎಲ್ಲಾ ಮ್ಯಾಲ ಇರ್ತಿದ್ವು, ನನ್ನ ಕೈಗೆ ಎಟಕ್ತಿದ್ದಿಲ್ಲ."