ಸೂಜಿಗಲ್ಲು ಕಚ್ಚಿದ ಸ್ಟೀಲಿನ ಡಬ್ಬಿ

ಅಪ್ಪ ಕೊಟ್ಟ ಸ್ಟೀಲಿನ ಡಬ್ಬಿ ಖೋಟಾ ಆಗಿರಲಿಲ್ಲ. ನಮ್ಮತ್ತೆಗೆ ತನಗೆ ತಿಳಿಯದ ವಿಷಯದಲ್ಲಿ ನ್ಯಾಯ ಹೇಳುವ ಚಟವಿತ್ತು, ನಡೆದದ್ದು ಇಷ್ಟೇ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಹಿರೇಬೆಂಡಿಗೇರಿಯಿಂದ ನನ್ನನ್ನು ದುಂಡಸಿಗೆ ಮದುವೆ ಮಾಡಿ ಕೊಟ್ಟರು. ಆಗ ನಮ್ಮ ಕಡೆ ಹಿತ್ತಾಳೆ, ತಾಮ್ರದ ಭಾಂಡೆ-ಪಾತ್ರೆಗಳದೇ ಕಾರುಬಾರು. ಮದುವೆಯ ಉಡುಗೊರೆಯ ಆಯೇರಿಯಲ್ಲಿ ಒಂದು ಸ್ಟೀಲಿನ ಸಾಮಾನು ಬಂದರೆ ಓಣಿಯೇ ನೋಡಲು ಬರುತ್ತಿತ್ತು. ಅಪ್ಪ ಸವಣೂರಿನ ಭಾಂಡೆ ಬಡಿಯುವವನ ಮುಂದೆ ಎರಡು ದಿನ ಕುಳಿತು, ದಪ್ಪ ಹಾಳೆಯನ್ನು ಸುತ್ತಿಗೆಯಿಂದ ಬಡಿಸಿ ಬಡಿಸಿ ಮುಚ್ಚಳದ ಡಬ್ಬಿ ಮಾಡಿಸಿದ್ದ. ಅದರ ಮೈತುಂಬ ಪೆಟ್ಟಿನ ಗುರುತು. ನನ್ನ ನೆಗೆಣ್ಣಿಯ, ಅಂದರೆ ಗಂಡನ ಅಣ್ಣನ ಹೆಂಡತಿಯ ಡಬ್ಬಿ ಹುಬ್ಬಳ್ಳಿ ಪೇಟೆಯದು. ಮುಖ ನೋಡಿಕೊಳ್ಳುವಷ್ಟು ನುಣುಪು.

ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಅಪ್ಪ ಬಂದ. ಇನ್ನೂ ಚಹಾ ಕೊಟ್ಟಿರಲಿಲ್ಲ, ಅತ್ತೆ ಸೆರಗಿನ ಗಂಟಿನಿಂದ ಒಂದು ಸೂಜಿಗಲ್ಲು ಬಿಚ್ಚಿದಳು. ಭಾಂಡೆ ಮಾರುವವನೊಬ್ಬ ಅದನ್ನು ಕೊಟ್ಟು, ಅಸಲಿ ಸ್ಟೀಲಿಗೆ ಇದು ಅಂಟುವುದಿಲ್ಲ ಎಂದು ಹೇಳಿ ಹೋಗಿದ್ದ. ನೆಗೆಣ್ಣಿಯ ಡಬ್ಬಿಯಿಂದ ಅದು ಜಾರಿ ಬಿತ್ತು. ನನ್ನದನ್ನು ಗಪ್ಪನೆ ಕಚ್ಚಿತು.

"ನೋಡ್ರಿ ಬೀಗರ, ಮಗಳಿಗೆ ತಗಡ ಕೊಟ್ಟೀರಿ," ಎಂದಳು ಅತ್ತೆ.

"ತಗಡಲ್ರಿ ಬೀಗ್ತಿಯಾರ, ಕಣ್ಣ ಮುಂದ ಬಡಿಸೇನಿ," ಎಂದ ಅಪ್ಪ.

"ಬಡಿಸೀರಿ, ಎಣ್ಣಿ ಡಬ್ಬಿ ಕತ್ತರಿಸಿ ಬಡಿಸೀರಿ. ಅಸಲಿ ತರ್ರಿ, ಆಮ್ಯಾಲ ಮಗಳನ್ನ ಕರ್ಕೊಂಡ ಹೋಗ್ರಿ."

ನೆಗೆಣ್ಣಿ ಕಿಸಕ್ಕನೆ ನಕ್ಕಳು. ನನ್ನ ಗಂಡ ಎತ್ತಿಗೆ ನೀರು ಕುಡಿಸುವ ನೆಪ ಮಾಡಿ ಎದ್ದು ಹೋದ. ಅಪ್ಪ ನನ್ನ ಕಡೆ ತಿರುಗಿ, "ಖೋಟಾ ಅನ್ನೂ ಮಾತು ಹೋಗೂ ತನಕ ನಾ ಈ ಹೊಸ್ತಿಲ ತುಳಿಯಂಗಿಲ್ಲ ಯವ್ವಾ," ಎಂದು ಚಪ್ಪಲಿ ಮೆಟ್ಟಿದ. ಊರಿನ ಹೆಣ್ಣುಮಕ್ಕಳು ಜೋಕಾಲಿ ಜೀಕುವಾಗ ನಾನು ಕೊಟ್ಟಿಗೆ ಬಳಿದೆ.

ನನ್ನ ಡಬ್ಬಿಯೂ ಕೊಟ್ಟಿಗೆ ಸೇರಿತು. ಅದರಲ್ಲಿ ದಿನಾ ಉಪ್ಪು ಬೆರೆಸಿ ಎಮ್ಮೆಗೆ ಹಿಂಡಿ ನೆನೆಸುತ್ತಿದ್ದರು. ನೆಗೆಣ್ಣಿಯದರಲ್ಲಿ ಅತ್ತೆ ನಿಂಬೆ ಉಪ್ಪಿನಕಾಯಿ ತುಂಬಿದಳು. "ಬರಣಿ ಯಾಕ? ಅಸಲಿ ಸ್ಟೀಲಿಗೆ ಏನೂ ಆಗೂದಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು.

ದೀಪಾವಳಿ ಹೊತ್ತಿಗೆ ಮುಚ್ಚಳ ತೆಗೆದರೆ ಉಪ್ಪಿನಕಾಯಿ ಕಪ್ಪಾಗಿತ್ತು. ಬಸಿದು ನೋಡಿದರೆ ಡಬ್ಬಿಯ ತಳದಲ್ಲಿ ಸೂಜಿ ಚುಚ್ಚಿದಂಥ ಕಂದು ಕುಳಿಗಳು. ನಾನು ಕೊಟ್ಟಿಗೆಯಿಂದ ನನ್ನ ಡಬ್ಬಿ ತಂದು, ಬೂದಿ ಹಚ್ಚಿ ತೊಳೆದು ಪಕ್ಕಕ್ಕೆ ಇಟ್ಟೆ. ಒಂದೂ ಕಲೆ ಇರಲಿಲ್ಲ.

"ಅತ್ತಿ, ಈಗ ನಿಮ್ಮ ಸೂಜಿಗಲ್ಲ ಏನ್ ಅಂತೈತ್ರಿ?"

"ನೀನ ಹಸಿ ಕೈ ಹಾಕಿರ್ಬೇಕು, ಅದಕ್ಕ ಕೆಟ್ಟೈತಿ."

"ಹಸಿ ಕೈ ಹಾಕಿದ್ರ ಉಪ್ಪಿನಕಾಯಿಗೆ ಬೂಜು ಬರ್ತೈತ್ರಿ. ಡಬ್ಬಿಗೆ ಕುಳಿ ಬೀಳ್ತಾವೇನ್ರಿ?"

"ಬಾಯಿ ಭಾಳ ಆತು ನಿಂದು. ಸೂಜಿಗಲ್ಲ ಸುಳ್ಳ ಹೇಳೂದಿಲ್ಲ. ನಿಮ್ಮಪ್ಪ ಕೊಟ್ಟಿದ್ದು ತಗಡನ."

ನಿಜವಾದ ಕಾರಣ ನನಗೆ ತಿಳಿದದ್ದು ಮುದುಕಿಯಾದ ಮೇಲೆ, ಕಾರ್ಖಾನೆಯಲ್ಲಿ ಪೈಪು ಬೆಸೆಯುವ ಮೊಮ್ಮಗನಿಂದ. ನಿಕ್ಕಲ್ ಹೆಚ್ಚಿರುವ ಒಳ್ಳೆಯ ಸ್ಟೀಲು ಆಸ್ಟೆನಿಟಿಕ್ ಎಂಬ ಜಾತಿಯದಂತೆ. ಅದಕ್ಕೆ ಸೂಜಿಗಲ್ಲು ಅಂಟುವುದಿಲ್ಲ. ಆದರೆ ಸುತ್ತಿಗೆಯಿಂದ ಚೆನ್ನಾಗಿ ಬಡಿದರೆ ಅಂಟತೊಡಗುತ್ತದೆ. ದುಬಾರಿ ನಿಕ್ಕಲ್ಲಿನ ಖರ್ಚು ಉಳಿಸಲು ಮ್ಯಾಂಗನೀಸ್ ಬೆರೆಸಿದ ಅಗ್ಗದ ಸ್ಟೀಲೂ ಅದೇ ಜಾತಿ. ಅದಕ್ಕೂ ಸೂಜಿಗಲ್ಲು ಅಂಟುವುದಿಲ್ಲ, ಉಪ್ಪು ಮಾತ್ರ ಅದನ್ನು ಬೇಗ ತಿನ್ನುತ್ತದೆ. ಇನ್ನು ಡ್ಯುಪ್ಲೆಕ್ಸ್ ಎಂಬ ಸ್ಟೀಲಿನಲ್ಲಿ ಸೂಜಿಗಲ್ಲಿಗೆ ಅಂಟುವ, ಅಂಟದ ಎರಡೂ ಜಾತಿಯ ಕಣಗಳು ಹೆಚ್ಚುಕಡಿಮೆ ಸಮನಾಗಿ ಇರುತ್ತವಂತೆ. ಸೂಜಿಗಲ್ಲು ಅದನ್ನು ಬಡಿಯದೆಯೇ ಕಚ್ಚುತ್ತದೆ, ಆದರೂ ಅದು ನಮ್ಮ ಡಬ್ಬಿಗಳಿಗಿಂತ ಗಟ್ಟಿ, ಸಮುದ್ರದ ನೀರಿನಲ್ಲೂ ಬಾಳುತ್ತದೆ. ಅಂದರೆ ಆ ಕಲ್ಲಿಗೆ ಒಳ್ಳೆಯದೂ ಗೊತ್ತಿಲ್ಲ, ಕೆಟ್ಟದ್ದೂ ಗೊತ್ತಿಲ್ಲ. ಅಂಥ ಕಲ್ಲಿನ ಮಾತು ಹಿಡಿದು ನಮ್ಮಪ್ಪನನ್ನು ಮೂರು ತಿಂಗಳು ತಲೆ ತಗ್ಗಿಸಿ ಓಡಾಡುವಂತೆ ಮಾಡಿದರು. ಆ ಸಿಟ್ಟು ಇನ್ನೂ ಆರಿಲ್ಲ. ಆರಬೇಕೆಂದು ನನಗೆ ಅನಿಸಿಯೂ ಇಲ್ಲ.

ಅತ್ತೆ ಹಾಗೆ ಅಂದ ಮರುದಿನ ಬೆಳಿಗ್ಗೆ ನಾನು ಒಲೆ ಹೊತ್ತಿಸಲಿಲ್ಲ. ಎರಡೂ ಡಬ್ಬಿಗಳನ್ನು ಒಂದೇ ಅರಿವೆಯಲ್ಲಿ ಕಟ್ಟಿಕೊಂಡು ಅಂಗಳಕ್ಕೆ ಬಂದೆ. ಗಂಡ, "ಎಲ್ಲಿಗೆ?" ಎಂದ.

"ಅಪ್ಪನ ಕಡೆ. ಬರೂದಿದ್ರ ಬರ್ರಿ."

ಅವನು ಬರಲಿಲ್ಲ. ನಾನು ಶಿಗ್ಗಾಂವಿಯ ಮೊದಲನೇ ಬಸ್ಸು ಹತ್ತಿ, ಅಲ್ಲಿಂದ ಹಿರೇಬೆಂಡಿಗೇರಿಗೆ ಹೋಗಿ, ಅಪ್ಪ ನಾಲ್ಕು ಜನರ ನಡುವೆ ಕುಳಿತಿದ್ದ ಕಟ್ಟೆಯ ಮೇಲೆ ಗಂಟು ಬಿಚ್ಚಿ, ಕುಳಿ ಬಿದ್ದ ಡಬ್ಬಿಯನ್ನೂ ಅಪ್ಪನ ಡಬ್ಬಿಯನ್ನೂ ಎಲ್ಲರಿಗೂ ಕಾಣುವಂತೆ ಇಟ್ಟೆ.